ಮೊದಲು ಗುಂಡು, ಆಮೇಲೆ ಕೋವಿ: ರೋಲ್‌ಪ್ಲೇ ಆಟಕ್ಕೆ ಭವಿಷ್ಯದ ಆಯುಧ ರೂಪಿಸುವುದು

ಬಾಹ್ಯಾಕಾಶದ ರೋಲ್‌ಪ್ಲೇ ಆಟಕ್ಕೆ ಆಯುಧ ಬರೆಯಲು ಕೂತವರು ಸಾಮಾನ್ಯವಾಗಿ ಇಪ್ಪತ್ತು ಕೋವಿಗಳ ಪಟ್ಟಿಯಿಂದ ಶುರುಮಾಡುತ್ತಾರೆ. ಒಂದರ ಹಾನಿ 1ಡಿ6 (ಅಂದರೆ ಆರು ಮುಖದ ಒಂದು ದಾಳ; 2ಡಿ6 ಎಂದರೆ ಅಂಥ ಎರಡರ ಮೊತ್ತ), ಇನ್ನೊಂದರದು 1ಡಿ8. ಆರು ಮುಖದ ದಾಳದ ಸರಾಸರಿ 3.5, ಎಂಟು ಮುಖದ್ದು 4.5, ಒಂದು ಅಂಕದ ಈ ವ್ಯತ್ಯಾಸ ಆಡುವಾಗ ಯಾರ ಗಮನಕ್ಕೂ ಬರುವುದಿಲ್ಲ. ಆಟಗಾರರ ನೆನಪಿನಲ್ಲಿ ಉಳಿಯುವುದು ಕೋವಿ ಕೈಕೊಟ್ಟ ಗಳಿಗೆ. ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು ಇಷ್ಟೇ: ಇದರಲ್ಲಿ ಯಾವುದು ಮೊದಲು ಮುಗಿಯುತ್ತದೆ? ಗುಂಡೋ, ವಿದ್ಯುತ್ತೋ, ಶಾಖ ತಡೆಯುವ ಶಕ್ತಿಯೋ?

ಸೋತ ನಿಜ ಪ್ರಯೋಗಗಳಲ್ಲಿ ಇದಕ್ಕೆ ಒಳ್ಳೆಯ ಸರಕಿದೆ. 1960ರ ದಶಕದ ಅಮೆರಿಕದ ಜೈರೋಜೆಟ್ ಪಿಸ್ತೂಲು 13 ಮಿ.ಮೀ. ರಾಕೆಟ್ಟುಗಳನ್ನು ಹಾರಿಸುತ್ತಿತ್ತು. ಒದೆತ ತೀರಾ ಕಡಿಮೆ. ಆದರೆ ರಾಕೆಟ್ಟು ನಳಿಗೆ ದಾಟಿದ ಮೇಲೆ ವೇಗ ಹಿಡಿಯುತ್ತಿದ್ದರಿಂದ ಹತ್ತಿರದ ಗುರಿಗೆ ಪೆಟ್ಟು ದುರ್ಬಲ. ಜರ್ಮನಿಯ ಜಿ11 ರೈಫಲ್ಲಿನ 4.73 ಮಿ.ಮೀ. ಗುಂಡಿಗೆ ಹಿತ್ತಾಳೆಯ ತೋಟೆಯೇ ಇರಲಿಲ್ಲ. ಹೊರಬೀಳುವ ಹಿತ್ತಾಳೆ ಒಂದಿಷ್ಟು ಶಾಖವನ್ನೂ ಹೊತ್ತೊಯ್ಯುತ್ತದೆ. ಅದಿಲ್ಲದೆ ಒಳಗೆಲ್ಲ ಕಾದು ಮದ್ದು ತಾನಾಗಿ ಹೊತ್ತಿಕೊಳ್ಳುವ ತೊಂದರೆ ಕಾಡಿತು. ಮೊದಲನೆಯದು ‘ಹತ್ತು ಮೀಟರಿನೊಳಗೆ ಅರ್ಧ ಹಾನಿ’ ಎಂಬ ನಿಯಮವಾಗುತ್ತದೆ, ಎರಡನೆಯದು ‘ಸತತ ಮೂರು ಸರದಿ ಹಾರಿಸಿದರೆ ದಾಳ ಹಾಕು’ ಎಂದಾಗುತ್ತದೆ.

ಒಂದು ಕೋವಿಯನ್ನು ಪೂರ್ತಿ ಕಟ್ಟಿ ನೋಡೋಣ. ಕ್ಷುದ್ರಗ್ರಹದ ಗಣಿಯಲ್ಲಿ ಕಾವಲುಗಾರರು ಬಳಸುವ ಸುರುಳಿ ಕೋವಿ. ಗಣಿಯವರು ಕರೆಯುವುದು ‘ಮಿಡತೆ’ ಎಂದು. ನಳಿಗೆಯ ಸುತ್ತ ಸಾಲಾಗಿರುವ ತಾಮ್ರದ ಸುರುಳಿಗಳು ಒಂದಾದ ಮೇಲೊಂದು ಕಾಂತವಾಗಿ ಗುಂಡನ್ನು ಎಳೆಯುತ್ತವೆ. ಹಾಗಾಗಿ ಗುಂಡು ಕಬ್ಬಿಣದ್ದೇ ಆಗಬೇಕು, ಸೀಸ ನಡೆಯದು.

1 ಗ್ರಾಂ ಗುಂಡು, ಸೆಕೆಂಡಿಗೆ 2,000 ಮೀಟರ್ ವೇಗ: ಶಕ್ತಿ 2,000 ಜೂಲ್. ಇಂದಿನ 5.56 ಮಿ.ಮೀ. ರೈಫಲ್ ಗುಂಡಿನದು ಸುಮಾರು 1,750 ಜೂಲ್, ಅಂದರೆ ನಂಬುವಂಥ ಅಂಕಿಯೇ. ದಕ್ಷತೆ ಶೇ. 30 ಎಂದಿಟ್ಟರೆ ಪ್ರತಿ ಗುಂಡಿಗೆ ಬ್ಯಾಟರಿಯಿಂದ ಸುಮಾರು 6,670 ಜೂಲ್ ಹೋಗುತ್ತದೆ, ಅದರಲ್ಲಿ 4,670 ಜೂಲ್ ಬರೀ ಶಾಖ. 2 ಕೆ.ಜಿ. ಉಕ್ಕು ಅದರಿಂದ 5 ಡಿಗ್ರಿ ಏರುತ್ತದೆ. ಒಂದು ಸರದಿಗೆ ಆರು ಗುಂಡು ಹಾರಿಸಿದರೆ 30 ಡಿಗ್ರಿ. 20 ಡಿಗ್ರಿಯಿಂದ ಶುರುವಾಗಿ 200ಕ್ಕೆ ಸುರುಳಿಯ ಹೊದಿಕೆ ಕರಗುತ್ತದೆ ಎನ್ನಿ. ಆರು ಸರದಿ ಸಿಗುತ್ತವೆ. ಕೋವಿಯ ವಿವರದ ಕಾರ್ಡಿನಲ್ಲಿ ಆರು ಶಾಖದ ಚೌಕ ಬರೆಯಿರಿ, ಹಾರಿಸಿದ ಸರದಿಗೊಂದು ತುಂಬಿ, ಡಿಗ್ರಿಗಳನ್ನು ಮರೆತುಬಿಡಿ.

ಸಾಮಾನ್ಯ ಲಿಥಿಯಂ ಬ್ಯಾಟರಿ ಅರ್ಧ ಕೆ.ಜಿ.ಗೆ ಸುಮಾರು 4,50,000 ಜೂಲ್ ಕೊಡುತ್ತದೆ, ಅಂದರೆ ಹನ್ನೊಂದು ಸರದಿ. ಅಷ್ಟಕ್ಕೆ ಬೇಕಾದ ಗುಂಡುಗಳ ತೂಕ 66 ಗ್ರಾಂ. ಈ ಕೋವಿಯಲ್ಲಿ ಗುಂಡು ಎಣಿಸುವುದು ಸಮಯ ಹಾಳು, ಹೊರಬೇಕಾದ್ದು ಬ್ಯಾಟರಿ. ಸರದಿಗೊಂದು ಗೆರೆ ಎಳೆಯುವ ಬದಲು ಬ್ಯಾಟರಿಗೆ ಎಂಟು ಮುಖದ ದಾಳ ಕೊಡಿ. ಹಾರಿಸಿದಾಗಲೆಲ್ಲ ಅದನ್ನು ಹಾಕಬೇಕು. 1 ಅಥವಾ 2 ಬಿದ್ದರೆ ದಾಳ ಡಿ6ಕ್ಕೆ, ಆಮೇಲೆ ಡಿ4ಕ್ಕೆ ಇಳಿದು ಕೊನೆಗೆ ಖಾಲಿ. ಸರಾಸರಿ 4+3+2, ಒಂಬತ್ತು ಸರದಿ. ಹನ್ನೊಂದರಿಂದ ದೂರವೇನಿಲ್ಲ, ಯಾವಾಗ ಮುಗಿಯುತ್ತದೋ ಎಂಬ ಅಳುಕೂ ಉಳಿಯುತ್ತದೆ.

ನಿರ್ವಾತದಲ್ಲಿ ಶಾಖ ಹೋಗಲು ವಿಕಿರಣವೊಂದೇ ದಾರಿ. 200 ಡಿಗ್ರಿಯಲ್ಲಿರುವ ಇಷ್ಟು ದೊಡ್ಡ ನಳಿಗೆ 6 ಸೆಕೆಂಡಿನ ಸರದಿಯಲ್ಲಿ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಡಿಗ್ರಿ. ಅಲ್ಲಿಗೆ ನಿಯಮ ಸ್ಪಷ್ಟ: ಹೊರಗಡೆ ಹೋರಾಟ ಮುಗಿಯುವ ತನಕ ಯಾವ ಚೌಕವೂ ಅಳಿಯುವುದಿಲ್ಲ. ಹಡಗಿನೊಳಗೆ ಗಾಳಿಯಿದ್ದಲ್ಲಿ, ಹಾರಿಸದೆ ಬಿಟ್ಟ ಪ್ರತಿ ಎರಡು ಸರದಿಗೆ ಒಂದು ಚೌಕ ಅಳಿಸಿ. ನಿಜದಲ್ಲಿ ಗಾಳಿಯೂ ಅಷ್ಟು ಬೇಗ ತಣಿಸದು. ಆಟ ಓಡಲೆಂದು ಬೇಕಂತಲೇ ಹೇಳಿದ ಸುಳ್ಳು ಇದು. ಇಂಥವು ಒಂದೆರಡು ಇದ್ದರೆ ಪರವಾಗಿಲ್ಲ.

ಒದೆತವನ್ನೂ ಬಿಡಬೇಡಿ. ಸೋವಿಯತ್ ಒಕ್ಕೂಟದ ಸಲ್ಯೂಟ್-3 ನಿಲ್ದಾಣದಲ್ಲಿ ನಿಜವಾದ ಫಿರಂಗಿಯೇ ಇತ್ತು, 1975ರಲ್ಲಿ ಅದನ್ನು ಹಾರಿಸಿಯೂ ನೋಡಿದರು. ನಮ್ಮ ಆರು ಗುಂಡುಗಳು ಪೋಷಾಕು ಸೇರಿ 120 ಕೆ.ಜಿ. ತೂಗುವವನನ್ನು ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಹಿಂದಕ್ಕೆ ತಳ್ಳುತ್ತವೆ. ಕಾಲಿಗೆ ಆಧಾರವಿಲ್ಲದಿದ್ದರೆ ಮುಂದಿನ ಸರದಿಯ ಗುರಿಗೆ –2, ಅಷ್ಟು ಸಾಕು.

ಈಗ ಗುಂಡು. ಮೂರು ಬಗೆ ಇರಲಿ, ಹತ್ತು ಬೇಡ. ಉಕ್ಕಿನ ಮೊಳೆ: 2ಡಿ6, ಹಾನಿಯಿಂದ ಕಳೆಯುವ ಕವಚದ ಅಂಕಗಳಲ್ಲಿ 2 ಲೆಕ್ಕಕ್ಕಿಲ್ಲ, ಗುರಿ ತಪ್ಪಿದಾಗ ಡಿ6ರಲ್ಲಿ 1 ಬಿದ್ದರೆ ಹಡಗಿನ ಗೋಡೆ ತೂತು. ಪುಡಿಗುಂಡು, ಅಂದರೆ ಒತ್ತಿ ಗಟ್ಟಿಮಾಡಿದ ಕಬ್ಬಿಣದ ಪುಡಿ: 2ಡಿ8, ಆದರೆ ಕವಚ ಇಮ್ಮಡಿಯಾಗಿ ತಡೆಯುತ್ತದೆ, ಗೋಡೆಗೆ ಏನೂ ಆಗದು. ಮೂರನೆಯದು ಗುಂಡೇ ಅಲ್ಲ, ಒಂದು ಗುಬುಟು: ವೇಗವನ್ನು 300 ಮೀಟರಿಗೆ ಇಳಿಸುತ್ತದೆ. ಶಬ್ದದ ವೇಗಕ್ಕಿಂತ ಕಡಿಮೆಯಾದ್ದರಿಂದ ಸಿಡಿತದ ಸದ್ದಿಲ್ಲ, ಶಾಖದ ಚೌಕವೂ ತುಂಬದು. ಗುಂಡಿನ ಶಕ್ತಿ ಮಾತ್ರ 45 ಜೂಲ್, ಹಾನಿ 1ಡಿ4.

ಸಮತೋಲ ನೋಡುವಾಗ ಹೆಚ್ಚಿನವರು ಎಡವುವುದು ಸರಾಸರಿಯಲ್ಲಿ. ಶತ್ರುವಿನ ಕವಚ 3, ಗುರಿ ತಾಗುವ ಸಾಧ್ಯತೆ ಶೇ. 50 ಎಂದುಕೊಳ್ಳಿ. ಮೊಳೆಗೆ ಕವಚ ಒಂದೇ ಉಳಿಯುತ್ತದೆ: 7–1=6, ಅದರರ್ಧ 3. ಪುಡಿಗುಂಡಿಗೆ 9–6=3 ಎಂದು ಬರೆದರೆ ತಪ್ಪು, ಏಕೆಂದರೆ ಹಾನಿ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಎಲ್ಲ 64 ಫಲಿತಾಂಶ ಕೂಡಿಸಿದರೆ ಬರುವುದು 3.31, ಅರ್ಧ ಸುಮಾರು 1.66. ಕವಚವಿಲ್ಲದವರ ಮೇಲೆ ಮೊಳೆ 3.5, ಪುಡಿಗುಂಡು 4.5. ಈ ಅಂತರ ಆಯ್ಕೆಗೆ ಅರ್ಥ ಕೊಡುತ್ತದೆ.

ಹದಿನೆಂಟು ಜೀವಾಂಕದ ಕವಚಧಾರಿಯನ್ನು ಮೊಳೆಯಿಂದ ಬೀಳಿಸಲು ಸರಾಸರಿ ಆರು ಸರದಿ. ಆರೇ ಚೌಕ! ನಿರ್ವಾತದಲ್ಲಿ ಒಬ್ಬೊಬ್ಬರ ಕೋವಿಯಿಂದ ಒಬ್ಬ ಶತ್ರು. ಹೋರಾಟ ಎಳೆದಂತೆ ಕಂಡರೆ ಜೀವಾಂಕ ಹನ್ನೆರಡಕ್ಕೆ ಇಳಿಸಿ. ಚೌಕ ಹೆಚ್ಚಿಸಿದರೆ ಕೋವಿಯ ಗುಣವೇ ಸಾಯುತ್ತದೆ.

‘ಡಿ20ರಲ್ಲಿ 1 ಬಿದ್ದರೆ ಕೋವಿ ಕೆಟ್ಟಿತು’ ಎಂಬ ಹಳೆಯ ಚಾಳಿ ಬಿಡಿ. ಇಪ್ಪತ್ತು ಸಲ ಹಾರಿಸುವಷ್ಟರಲ್ಲಿ ಒಮ್ಮೆಯಾದರೂ ಕೆಡುವ ಸಾಧ್ಯತೆ ಶೇ. 64, ನುರಿತ ಸೈನಿಕರೂ ಪೆದ್ದರಂತೆ ಕಾಣುತ್ತಾರೆ. ಬದಲಿಗೆ ಆರು ಚೌಕ ತುಂಬಿದ ಮೇಲೂ ಹಾರಿಸಲು ಬಿಡಿ. ಏಳನೆಯದಕ್ಕೆ ಡಿ6ರಲ್ಲಿ 1 ಬಿದ್ದರೆ, ಎಂಟನೆಯದಕ್ಕೆ 1 ಅಥವಾ 2 ಬಿದ್ದರೆ ಸುರುಳಿ ಸುಟ್ಟಿತು. ಕೆಡಿಸಿಕೊಳ್ಳುವುದೂ ಆಟಗಾರರದೇ ಆಯ್ಕೆ.

ಕಾರ್ಡು ಹೀಗಿರಲಿ:

ಮಿಡತೆ. ಎರಡು ಕೈ, 4 ಕೆ.ಜಿ.
ಮೊಳೆ 2ಡಿ6 (ಕವಚ –2) / ಪುಡಿ 2ಡಿ8 (ಕವಚ ×2) / ನಿಧಾನ 1ಡಿ4, ನಿಶ್ಶಬ್ದ
ಶಾಖ □□□□□□ ಬ್ಯಾಟರಿ ಡಿ8
ಆಧಾರವಿಲ್ಲದೆ ತೇಲುವಾಗ: ಮುಂದಿನ ಗುರಿಗೆ –2

ಇದಕ್ಕಿಂತ ಉದ್ದವಾದರೆ ಒಂದು ನಿಯಮ ಕತ್ತರಿಸಿ. ಕಾರ್ಡಿನಲ್ಲಿ ಹಿಡಿಸದ್ದನ್ನು ಆಟದ ಮಧ್ಯೆ ಯಾರೂ ನೆನಪಿಡುವುದಿಲ್ಲ. ಮೊದಲು ಹೋಗಬೇಕಾದದ್ದು ಒದೆತ. ಶಾಖ ಮಾತ್ರ ಉಳಿಯಲಿ.