ಲಿಂಫೋಮಾ ಶುರುವಿನ ಹಂತದಲ್ಲೇ ಸಿಕ್ಕಿದ್ದರೆ ಏನು ಮಾಡಬೇಕು?

ಲಿಂಫೋಮಾ ಅಂದರೆ ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ಶುರುವಾಗುವ ಕ್ಯಾನ್ಸರ್. ಕುತ್ತಿಗೆ, ಕಂಕುಳು ಅಥವಾ ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಎದ್ದು ಮೂರ್ನಾಲ್ಕು ವಾರವಾದರೂ ಇಳಿಯದಿದ್ದರೆ ಸುಮ್ನೆ ಕಾಯಬೇಡಿ. ನಮ್ಮ ಕಡೆ ಇಂಥ ಗಂಟು ಕಂಡರೆ ಮೊದಲು ನೆನಪಾಗುವುದು ಟಿಬಿ. ಅದರಲ್ಲಿ ತಪ್ಪೇನಿಲ್ಲ, ಟಿಬಿ ಇಲ್ಲಿ ಜಾಸ್ತಿಯೇ ಇದೆ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎರಡು ಕಾಯಿಲೆಯಲ್ಲೂ ಕಾಣುತ್ತವೆ. ಆದರೆ ಸರಿಯಾದ ಪರೀಕ್ಷೆ ಮಾಡದೆ ಬರೀ ಅಂದಾಜಿನ ಮೇಲೆ ಟಿಬಿ ಮಾತ್ರೆ ಶುರುಮಾಡಿ ತಿಂಗಳುಗಟ್ಟಲೆ ನುಂಗುತ್ತಾ ಕೂತರೆ, ಒಂದನೇ ಎರಡನೇ ಹಂತದಲ್ಲೇ ಸಿಗಬೇಕಾಗಿದ್ದ ಲಿಂಫೋಮಾ ಅಷ್ಟರಲ್ಲಿ ಮುಂದಕ್ಕೆ ಹೋಗಿರಬಹುದು.

ಹಾಗಾಗಿ ಬಯಾಪ್ಸಿ ವಿಷಯದಲ್ಲಿ ಗಟ್ಟಿಯಾಗಿರಿ. ಸಣ್ಣ ಸೂಜಿ ಚುಚ್ಚಿ ಒಂದಿಷ್ಟು ಜೀವಕೋಶ ತೆಗೆಯುವ ಎಫ್‌ಎನ್‌ಎಸಿ ಒಂದರಿಂದಲೇ ಲಿಂಫೋಮಾ ತೀರ್ಮಾನ ಮಾಡಲು ಆಗುವುದಿಲ್ಲ. ಆದಷ್ಟೂ ಪೂರ್ತಿ ಗಂಟನ್ನೇ ತೆಗೆದು ನೋಡಬೇಕು, ಆಗದ ಜಾಗದಲ್ಲಿದ್ದರೆ ದಪ್ಪ ಸೂಜಿಯ ಬಯಾಪ್ಸಿ. ಎಷ್ಟೋ ಆಸ್ಪತ್ರೆಗಳಲ್ಲಿ ತುಂಡನ್ನು ಬಾಟಲಿಗೆ ಹಾಕಿ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಆಪರೇಷನ್‌ಗೆ ಮುಂಚೆಯೇ ಸರ್ಜನ್ ಹತ್ತಿರ ಹೇಳಿಬಿಡಿ: ಒಂದು ಭಾಗ ಫಾರ್ಮಲಿನ್‌ನಲ್ಲಿ (ತುಂಡು ಕೆಡದಂತೆ ಇಡುವ ದ್ರವ), ಟಿಬಿ ಅನುಮಾನವಿದ್ದರೆ ಇನ್ನೊಂದು ಚೂರು ಸಲೈನ್‌ನಲ್ಲಿ (ಉಪ್ಪುನೀರಿನ ದ್ರಾವಣ). ಫಾರ್ಮಲಿನ್‌ಗೆ ಬಿದ್ದ ತುಂಡಿನಿಂದ ಟಿಬಿ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಲಾಗುವುದಿಲ್ಲ, ಮತ್ತೆ ಕೊಯ್ಯಬೇಕಾಗುತ್ತದೆ. ಇನ್ನೊಂದು ಮಾತು, ತುರ್ತು ಇಲ್ಲದಿದ್ದರೆ ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಬೇಡ. ಗಂಟು ಇಳಿದುಬಿಡುತ್ತದೆ, ಕಾಯಿಲೆಯ ಗುರುತೂ ಮಸುಕಾಗುತ್ತದೆ.

ರಿಪೋರ್ಟಿನಲ್ಲಿ ಬರೀ 'ಲಿಂಫೋಮಾ' ಅಂತ ಇದ್ದರೆ ಸಾಲದು. ಹಾಡ್ಜ್‌ಕಿನ್ನಾ, ನಾನ್-ಹಾಡ್ಜ್‌ಕಿನ್ನಾ, ಅದರಲ್ಲಿ ಯಾವ ಬಗೆ ಎಂಬುದು ಐಎಚ್‌ಸಿ ಪರೀಕ್ಷೆಯಿಂದ (ತುಂಡಿಗೆ ವಿಶೇಷ ಬಣ್ಣ ಹಾಕಿ ಜೀವಕೋಶದ ಗುರುತು ಹಿಡಿಯುವುದು) ಗೊತ್ತಾಗಬೇಕು. ಔಷಧಿ ಪೂರ್ತಿ ಅದರ ಮೇಲೇ ನಿಂತಿದೆ. ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಬಹುದು. ಅನುಮಾನ ಬಂದರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ.

ಆಮೇಲೆ ಹಂತ. ಒಂದೇ ಜಾಗದ ಗಂಟುಗಳಾದರೆ ಒಂದನೇ ಹಂತ. ಎರಡು ಅಥವಾ ಜಾಸ್ತಿ ಜಾಗದಲ್ಲಿದ್ದು, ಎಲ್ಲವೂ ಎದೆ ಹೊಟ್ಟೆ ನಡುವಿನ ವಪೆಯ ಒಂದೇ ಕಡೆ ಇದ್ದರೆ ಎರಡನೇ ಹಂತ. ಪಕ್ಕದಲ್ಲಿ 'ಬಿ' ಅಂತ ಬರೆದಿದ್ದರೆ ಜ್ವರ, ಬಟ್ಟೆ ಒದ್ದೆಯಾಗುವಷ್ಟು ಬೆವರು ಅಥವಾ 6 ತಿಂಗಳಲ್ಲಿ ತೂಕ 10 ಶೇಕಡಕ್ಕಿಂತ ಹೆಚ್ಚು ಇಳಿದಿದೆ ಎಂದರ್ಥ. ಕಾಯಿಲೆ ಮೈಯಲ್ಲಿ ಎಲ್ಲೆಲ್ಲಿದೆ ಎಂದು ತೋರಿಸುವ ಪೆಟ್-ಸಿಟಿ ಸ್ಕ್ಯಾನನ್ನು ಕೀಮೋಗೆ ಮುಂಚೆಯೇ ಮಾಡಿಸಿ, ನಂತರದ ಸ್ಕ್ಯಾನಿಗೆ ಹೋಲಿಸಲು ಅದು ಬೇಕೇ ಬೇಕು.

ಚಿಕಿತ್ಸೆ ಬಗೆಯ ಮೇಲೆ ಹೋಗುತ್ತದೆ. ಹಾಡ್ಜ್‌ಕಿನ್ ಶುರುವಿನ ಹಂತದಲ್ಲಿದ್ದರೆ ಸಾಮಾನ್ಯವಾಗಿ ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕೀಮೋ, ಜೊತೆಗೆ ಹಲವರಿಗೆ ರೇಡಿಯೇಷನ್. ಅಪಾಯದ ಲಕ್ಷಣ ಇಲ್ಲದವರಿಗೆ 2 ಸೈಕಲ್ ಕೀಮೋ, 20 ಗ್ರೇ ಅಳತೆಯ ರೇಡಿಯೇಷನ್ ಸಾಕು ಎಂದು 2010ರಲ್ಲಿ ಪ್ರಕಟವಾದ ಜರ್ಮನಿಯ ಎಚ್‌ಡಿ10 ಅಧ್ಯಯನ ತೋರಿಸಿತು. ಇಲ್ಲಿ ಮನೆಯವರಿಗೆ ಗೊಂದಲ ಆಗುವುದುಂಟು: ಎಬಿವಿಡಿ ಒಂದು ಸೈಕಲ್ ಅಂದರೆ 15 ದಿನಕ್ಕೊಮ್ಮೆಯಂತೆ ಎರಡು ಸಲ ಡ್ರಿಪ್, ಅಂದರೆ 2 ಸೈಕಲ್‌ಗೆ ನಾಲ್ಕು ಸಲ. ರಜೆ, ಬಸ್ಸು, ಜೊತೆಗೆ ಬರುವವರು ಎಲ್ಲಾ ಹಾಗೆ ಲೆಕ್ಕ ಹಾಕಿ. ನಾನ್-ಹಾಡ್ಜ್‌ಕಿನ್‌ನಲ್ಲಿ ಬೇಗ ಬೆಳೆಯುವ ಡಿಎಲ್‌ಬಿಸಿಎಲ್ ಬಗೆಗೆ 21 ದಿನಕ್ಕೊಮ್ಮೆ ಆರ್-ಚಾಪ್ ಎಂಬ ಔಷಧಿಗಳ ಕೂಟ. ನಿಧಾನಕ್ಕೆ ಬೆಳೆಯುವ ಫಾಲಿಕ್ಯುಲರ್ ಬಗೆ ಒಂದೇ ಕಡೆ ಇದ್ದರೆ ಎಷ್ಟೋ ಸಲ ರೇಡಿಯೇಷನ್ ಒಂದೇ ಸಾಕಾಗುತ್ತದೆ. ಹೊಟ್ಟೆಯ ಮಾಲ್ಟ್ ಲಿಂಫೋಮಾ ಅಂತೂ ಎಚ್ ಪೈಲೋರಿ ಬ್ಯಾಕ್ಟೀರಿಯಾಗೆ ಕೊಡುವ ಮಾತ್ರೆಗಳಿಂದಲೇ ಹಲವರಲ್ಲಿ ಕರಗುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ, ವಾಸಿಯಾಗುತ್ತಾ? ಶುರುವಿನ ಹಂತದ ಹಾಡ್ಜ್‌ಕಿನ್‌ನಲ್ಲಿ, ಪೂರ್ತಿ ಚಿಕಿತ್ಸೆ ಸಿಕ್ಕರೆ, ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ, ಬಹುಪಾಲು ಪೂರ್ತಿ ಗುಣವಾಗಿಯೇ. ಡಿಎಲ್‌ಬಿಸಿಎಲ್‌ನಲ್ಲಿ ವಯಸ್ಸು, ರಕ್ತದಲ್ಲಿನ ಎಲ್‌ಡಿಎಚ್ ಮಟ್ಟ, ಗಂಟಿನ ಗಾತ್ರ ನೋಡಿ ಹೇಳಬೇಕು, ಅಲ್ಲೂ ಗುಣವಾಗುವವರೇ ಹೆಚ್ಚು. ಈ ಧೈರ್ಯ ಇಟ್ಟುಕೊಳ್ಳಿ, ಆದರೆ ಎರಡು ಕೀಮೋ ಆದಮೇಲೆ ಗಂಟು ಮಾಯವಾಯಿತು ಅಂತ ಅರ್ಧಕ್ಕೆ ಬಿಟ್ಟು ನಾಟಿ ಔಷಧಿಗೆ ಹೋಗಬೇಡಿ, ದಯವಿಟ್ಟು.

ಕೀಮೋಗೆ ಮುಂಚೆ ಹೃದಯದ ಎಕೋ, ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ ಕೇಳಿ. ಆರ್-ಚಾಪ್‌ನಲ್ಲಿರುವ ರಿಟುಕ್ಸಿಮ್ಯಾಬ್ ಕೊಟ್ಟಾಗ ಒಳಗೆ ಅಡಗಿದ್ದ ಹೆಪಟೈಟಿಸ್ ಬಿ ಕೆರಳಬಹುದು. ಮುಂದೆ ಮಕ್ಕಳು ಬೇಕು ಅನ್ನುವ ವಯಸ್ಸಿನವರು ವೀರ್ಯ ಅಥವಾ ಅಂಡಾಣು ಉಳಿಸಿಡುವ ಬಗ್ಗೆ ಮೊದಲೇ ಮಾತಾಡಿ, ನಾಚಿಕೊಳ್ಳಬೇಡಿ. ಸಿಗರೇಟು ಬಿಡಲೇಬೇಕು, ಎಬಿವಿಡಿಯಲ್ಲಿರುವ ಬ್ಲಿಯೋಮೈಸಿನ್‌ನಿಂದ ಶ್ವಾಸಕೋಶಕ್ಕೆ ತೊಂದರೆಯಾಗಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಆರ್-ಚಾಪ್ ಜೊತೆಗಿನ ಸ್ಟೀರಾಯ್ಡ್ ದಿನಗಳಲ್ಲಿ ಶುಗರ್ ಏರುತ್ತದೆ. ಕೀಮೋದ ಕೆಂಪು ಔಷಧಿ (ಡಾಕ್ಸೊರುಬಿಸಿನ್) ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಾದರೆ ಗಾಬರಿ ಬೇಡ. ಗಾಬರಿ ಪಡಬೇಕಾದ್ದು ಜ್ವರಕ್ಕೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ, 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬಾರದು.

ಖರ್ಚಿಗೆ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ರಿಪೋರ್ಟ್ ಹಿಡಿದು ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಈ ಯೋಜನೆಗೆ ನೆರವಾಗುವ ಸಿಬ್ಬಂದಿ) ಕಾಣಿ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಚೆಕಪ್ ತಪ್ಪಿಸಬೇಡಿ. ಹಾಡ್ಜ್‌ಕಿನ್, ಡಿಎಲ್‌ಬಿಸಿಎಲ್ ಮರಳುವುದಾದರೆ ಹೆಚ್ಚಾಗಿ ಆಗಲೇ. ಕುತ್ತಿಗೆಗೆ ರೇಡಿಯೇಷನ್ ಆದವರು ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸಿ. ಎದೆಗೆ ಆದ ಹೆಣ್ಣುಮಕ್ಕಳು ಸ್ತನ ಪರೀಕ್ಷೆ ಯಾವಾಗಿನಿಂದ ಶುರುಮಾಡಬೇಕು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡೇ ಬನ್ನಿ.