ಸಿನಿಮಾಕ್ಕೆ ಇಬ್ಬರು ಸೇರಿ ರ‍್ಯಾಪ್ ಹಾಡು ಕಟ್ಟುವ ಬಗೆ

ಒಬ್ಬರು ರ‍್ಯಾಪ್ ಹೇಳಿ ಇನ್ನೊಬ್ಬರು ಪಲ್ಲವಿ ಹಾಡುವ ಸಿನಿಮಾ ಹಾಡನ್ನು ಕಟ್ಟಲು ಹೊರಟವರು, ಪೆನ್ನು ಹಿಡಿಯುವ ಮೊದಲು, 1995ರ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್’ ಹಾಡನ್ನು ಅದರ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ನಾಲ್ಕೈದು ಬಾರಿ ಕೇಳಬೇಕು. ‘ಡೇಂಜರಸ್ ಮೈಂಡ್ಸ್’ ಚಿತ್ರದ ಧ್ವನಿಮುದ್ರಿಕೆಯಲ್ಲಿ ಬಂದ ಈ ಹಾಡಿನಲ್ಲಿ ರ‍್ಯಾಪ್ ಕೂಲಿಯೊ ಅವರದು, ಪಲ್ಲವಿ ಎಲ್.ವಿ. ಅವರದು. ಇಬ್ಬರ ಕೆಲಸ ಎಲ್ಲಿ ಬೇರೆಯಾಗುತ್ತದೆ ಎಂಬುದು ಇಷ್ಟು ಸ್ಪಷ್ಟವಾಗಿ ಕಿವಿಗೆ ಬೀಳುವ ಹಾಡುಗಳು ಕಡಿಮೆ.

ಚಿತ್ರದ ಕಥೆ ಕ್ಯಾಲಿಫೋರ್ನಿಯಾದ ಶಾಲೆಯೊಂದಕ್ಕೆ ಬಂದ ಶಿಕ್ಷಕಿಯದು. ಹಾಡಿನಲ್ಲಿ ಆಕೆಯ ಹೆಸರಿಲ್ಲ. ಬೀದಿಯ ಹಿಂಸೆಯ ನಡುವೆ ಬೆಳೆದ 23 ವರ್ಷದ ಯುವಕ, ತಾನು 24 ತುಂಬುವವರೆಗೆ ಬದುಕಿರುವೆನೇ ಎಂದು ಕೇಳಿಕೊಳ್ಳುತ್ತಾನೆ. ಕಲಿಯಬೇಕು ಎನ್ನುವವರಿದ್ದಾರೆ, ಕಲಿಸುವವರು ಯಾರೂ ಇಲ್ಲ ಎನ್ನುತ್ತಾನೆ. ಆ ಒಂದು ಮಾತಿನಿಂದಲೇ ಹಾಡು ಚಿತ್ರಕ್ಕೆ ಕೂಡಿಕೊಳ್ಳುತ್ತದೆ. ಆದ್ದರಿಂದ ಕಥೆಯ ಸಾರಾಂಶಕ್ಕೆ ಪ್ರಾಸ ಹೊಂದಿಸುವ ಗೋಜಿಗೆ ಹೋಗದೆ, ಪಾತ್ರದ ಎದೆಯೊಳಗಿನ ಒಂದೇ ಒಂದು ಪ್ರಶ್ನೆಯನ್ನು ಹುಡುಕಿ, ಅದನ್ನು ಒಂದು ವಾಕ್ಯದಲ್ಲಿ ಬರೆದು, ಇಬ್ಬರೂ ಒಪ್ಪಿದ ಮೇಲೆ ಮುಂದುವರಿಯಿರಿ.

ಅನಂತರ ಕಾಲದ ಲೆಕ್ಕ. ನಿಮಿಷಕ್ಕೆ 80 ಬೀಟ್, ಅಂದರೆ ತಾಳದ 80 ತಟ್ಟು, ಇಟ್ಟುಕೊಂಡರೆ ನಾಲ್ಕು ಬೀಟಿನ ಒಂದು ಸುತ್ತಾದ ಬಾರ್‌ಗೆ 3 ಸೆಕೆಂಡು, 16 ಬಾರ್‌ಗಳ ಚರಣಕ್ಕೆ 48 ಸೆಕೆಂಡು, 8 ಬಾರ್‌ಗಳ ಪಲ್ಲವಿಗೆ 24 ಸೆಕೆಂಡು ಹಿಡಿಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಒಂದು ಬೀಟಿಗೆ ನಾಲ್ಕು ಮಾತ್ರೆಯಂತೆ ಹಂಚಿದರೆ ಒಂದು ಬಾರ್‌ಗೆ 16 ಮಾತ್ರೆ ಬರುತ್ತದೆ; ಶಾಲೆಯಲ್ಲಿ ಪ್ರಸ್ತಾರ ಹಾಕಿದ ಯಾರಿಗೂ ಈ ಲೆಕ್ಕ ಹೊಸದಲ್ಲ. ಉದಾಹರಣೆಗೆ ಈ ಎರಡು ಸಾಲುಗಳನ್ನು ಕೈತಟ್ಟಿ ಹೇಳಿ ನೋಡಿ:

ಬೀದಿಯ ದೀಪದ ಕೆಳಗೇ ಓದಿದೆ
ಹಾದಿಯ ಧೂಳನು ಹಣೆಗೇ ತೀಡಿದೆ

ಪ್ರತಿ ಪದವೂ ನಾಲ್ಕು ಮಾತ್ರೆಯದಾದ್ದರಿಂದ ಒಂದೊಂದು ಪದಕ್ಕೆ ಒಂದೊಂದು ತಟ್ಟು ಬೀಳುತ್ತದೆ. ಸಾಲಿನ ಎರಡನೆಯ ಅಕ್ಷರದಲ್ಲಿ ನಮ್ಮ ಹಳೆಯ ಆದಿಪ್ರಾಸವಿದೆ, ಕೊನೆಯಲ್ಲಿ ರ‍್ಯಾಪ್ ಬಯಸುವ ಅಂತ್ಯಪ್ರಾಸವೂ ಇದೆ. ಆದರೆ ಹದಿನಾರು ಸಾಲೂ ಹೀಗೆಯೇ ಸಾಗಿದರೆ ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ. ಮೂರನೆಯ ಸಾಲಿನಲ್ಲಿ ಒಂದು ಪದವನ್ನು ಬೀಟಿಗಿಂತ ತುಸು ತಡವಾಗಿ ಎತ್ತಿಕೊಳ್ಳಿ, ನಾಲ್ಕನೆಯದರ ಕೊನೆಯ ಬೀಟನ್ನು ಖಾಲಿ ಬಿಡಿ. ಉಸಿರು ತೆಗೆದುಕೊಳ್ಳುವುದೂ ಅಲ್ಲಿಯೇ, ಹೇಳಿದ ಮಾತು ಕೇಳುಗರೊಳಗೆ ಇಳಿಯುವುದೂ ಅಲ್ಲಿಯೇ.

ಪಲ್ಲವಿ ಬರೆಯುವಾಗ ಪದಗಳನ್ನು ಅರ್ಧಕ್ಕೆ ಇಳಿಸಿ, ಎಳೆದು ಹಾಡಲು ಒಗ್ಗುವ ದೀರ್ಘ ಸ್ವರಗಳನ್ನು ಆರಿಸಿಕೊಳ್ಳಬೇಕು. ಕಥೆ ಹೇಳುವ ಭಾರವೆಲ್ಲ ರ‍್ಯಾಪರ್‌ನದು. ಗಾಯಕರು ಆ ಕಥೆಯ ನೋವನ್ನಷ್ಟೇ ಹೊರಬೇಕು. ಪಲ್ಲವಿಯನ್ನು ಮೊದಲು ಧ್ವನಿಮುದ್ರಿಸಿ ರ‍್ಯಾಪರ್‌ಗೆ ಕೇಳಿಸುವುದು ಒಳ್ಳೆಯದು, ಏಕೆಂದರೆ ಪಲ್ಲವಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ತಿಳಿದರೆ ಚರಣವನ್ನು ಎಷ್ಟು ತಗ್ಗಿನಲ್ಲಿ ಆರಂಭಿಸಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಹಳೆಯ ಹಾಡಿನ ತುಣುಕನ್ನು ಬಳಸುವುದಾದರೆ ಅನುಮತಿ ಮೊದಲು, ಸ್ಟುಡಿಯೊ ಆಮೇಲೆ. ಕೂಲಿಯೊ ಅವರ ಹಾಡು ನಿಂತಿರುವುದು ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರ 1976ರ ‘ಪಾಸ್‌ಟೈಮ್ ಪ್ಯಾರಡೈಸ್’ ಮೇಲೆ. ಬೈಗುಳದ ಪದಗಳಿರಕೂಡದು ಎಂದು ವಂಡರ್ ಪಟ್ಟು ಹಿಡಿದದ್ದರಿಂದ ಸಾಹಿತ್ಯವನ್ನು ತಿದ್ದಬೇಕಾಯಿತು, ಗೀತರಚನೆಯ ಶ್ರೇಯದಲ್ಲಿ ಅವರ ಹೆಸರೂ ಸೇರಿತು. ಆ ತಿದ್ದುವಿಕೆಯಿಂದ ಹಾಡಿಗೆ ಲಾಭವೇ ಆಯಿತೆಂದು ನಾನು ನಂಬುತ್ತೇನೆ.

ಯಾರು ಯಾವ ಸಾಲು ಬರೆದರು, ರಾಗ ಯಾರದು, ಪಾಲು ಎಷ್ಟೆಷ್ಟು ಎಂಬುದನ್ನು ಹಾಡು ಮುಗಿದ ದಿನವೇ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯು ಸಿನಿಮಾ ಹಾಡಿನ ಸಾಹಿತಿಗೂ ಸಂಗೀತಗಾರನಿಗೂ ರಾಯಲ್ಟಿಯ ಹಕ್ಕನ್ನು ಉಳಿಸಿಕೊಟ್ಟಿದೆ. ನಿರ್ಮಾಪಕರ ಕರಾರಿಗೆ ಸಹಿ ಹಾಕಲು ಹೋಗುವಾಗ ಈ ಕಾಗದವನ್ನು ಜೊತೆಯಲ್ಲಿ ಒಯ್ಯಿರಿ.