ಮೊದಲು ಎಲುಬು ಹುಡುಕಿ, ಆಮೇಲೆ ಬಿಗಿ ಹಿಡಿಯಿರಿ

ಕಾರವಾರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕೆಮ್ಮಿದರೆ, ನಕ್ಕರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ ಅಂತ ಬರುವ ಹೆಂಗಸರೇ ನನ್ನ ಹತ್ತಿರ ಜಾಸ್ತಿ. ಮೀನು ಮಾರುವವರು, ಅಂಕೋಲಾ ಕಡೆಯಿಂದ ತರಕಾರಿ ತರುವವರು, ಟೀಚರ್‌ಗಳು, ಎಲ್ಲರೂ ಇದ್ದಾರೆ. ಹೆಚ್ಚಿನವರಿಗೆ ಯಾರೋ ಆಗಲೇ ‘ಕೆಳಗೆ ಬಿಗಿ ಹಿಡಿಯಿರಿ’ ಅಂದಿರುತ್ತಾರೆ. ಎಲ್ಲಿ ಅಂತ ಮಾತ್ರ ತೋರಿಸಿರುವುದಿಲ್ಲ. ಪಾಪ, ಇವರು ಹೊಟ್ಟೆ ಎಳೆದುಕೊಂಡು, ಉಸಿರು ಕಟ್ಟಿ ಕೂರುತ್ತಾರೆ. ಅದರಿಂದ ಕೆಳಗೆ ಒತ್ತಡ ಇನ್ನೂ ಏರುತ್ತದೆ.

ಅದಕ್ಕೇ ನಾನು ಎಲುಬಿನಿಂದ ಶುರು ಮಾಡುವುದು. ಮರದ ಸ್ಟೂಲ್ ಮೇಲೆ ಕೂರಿಸುತ್ತೇನೆ. ಮೆತ್ತನೆ ಕುರ್ಚಿಯಲ್ಲಿ ಇದು ಗೊತ್ತಾಗುವುದಿಲ್ಲ. ಅಂಗೈ ಅಡಿಗೆ ಇಟ್ಟುಕೊಂಡು ಆಚೀಚೆ ವಾಲಿದರೆ, ಕೂರುವ ಎಲುಬು ಎರಡೂ ಕೈಗೆ ಒತ್ತುತ್ತವೆ. ಹೊಕ್ಕುಳಿಂದ ನೇರ ಕೆಳಗೆ ಬೆರಳು ಜಾರಿಸಿದರೆ ಗಟ್ಟಿಯಾಗಿ ತಾಗುವುದು ಪ್ಯೂಬಿಕ್ ಎಲುಬು. ಹಿಂದೆ, ಬೆನ್ನುಮೂಳೆ ಮುಗಿಯುವಲ್ಲಿ, ಬಾಲದ ಎಲುಬು. ಈ ನಾಲ್ಕು ಸಿಕ್ಕಿದರೆ ಸೊಂಟದ ತಳದ ಅಂಚು ಸಿಕ್ಕಂತೆ.

ಒಳಗಿನ ಜಾಗ ಬಹಳ ಇಕ್ಕಟ್ಟು. ಪ್ಯೂಬಿಕ್ ಎಲುಬಿನ ಹಿಂದೆಯೇ ಮೂತ್ರಕೋಶ, ಅದರ ಹಿಂದೆ ಗರ್ಭಕೋಶ, ಕೊನೆಗೆ ಗುದನಾಳ. ಗರ್ಭಕೋಶ ಸಾಮಾನ್ಯವಾಗಿ ಮುಂದಕ್ಕೆ ಬಾಗಿ ಮೂತ್ರಕೋಶದ ಮೇಲೆ ಒರಗಿರುತ್ತದೆ. ಬಸುರಿಯರು ಪದೇ ಪದೇ ಒಂದಕ್ಕೆ ಓಡುವುದಕ್ಕೆ ಇದೂ ಒಂದು ಕಾರಣ.

ಇನ್ನು ತಳ. ನನ್ನ ದುಪಟ್ಟಾದ ಒಂದು ತುದಿ ಅವರ ಕೈಗೆ ಕೊಟ್ಟು, ಇನ್ನೊಂದು ನಾನು ಹಿಡಿದು, ಮಗುವಿನ ಜೋಲಿ ತರಹ ಇಳಿಬಿಡುತ್ತೇನೆ. ಅವರ ತುದಿ ಪ್ಯೂಬಿಕ್ ಎಲುಬು, ನನ್ನದು ಬಾಲದ ಎಲುಬು. ನಡುವೆ ಜೋತಿರುವುದು ಲಿವೇಟರ್ ಏನೈ ಸ್ನಾಯು. ಮೂತ್ರನಾಳ, ಯೋನಿ, ಗುದನಾಳ ಮೂರೂ ಇದನ್ನು ದಾಟಿಯೇ ಹೊರಗೆ ಬರಬೇಕು. ಮೇಲಿಂದ ಕೈಯಿಟ್ಟು ಒತ್ತಿ, ‘ಇದು ನಿಮ್ಮ ಕೆಮ್ಮು’ ಅನ್ನುತ್ತೇನೆ. ಬಟ್ಟೆ ಕುಸಿಯುತ್ತದೆ. ಇಬ್ಬರೂ ಎಳೆದು ಬಿಗಿ ಮಾಡಿ ಮತ್ತೆ ಒತ್ತಿದರೆ ಅಷ್ಟು ಕುಸಿಯುವುದಿಲ್ಲ. ಚಾರ್ಟ್ ತೋರಿಸುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಇದೇ ಸ್ನಾಯುವಿನ ಒಂದು ಪಟ್ಟಿ, ಪ್ಯೂಬೋರೆಕ್ಟಾಲಿಸ್, ಗುದನಾಳವನ್ನು ಹಿಂದಿನಿಂದ ಸುತ್ತಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಕುಕ್ಕರಗಾಲಲ್ಲಿ ಕೂತಾಗ ಆ ಹಿಡಿತ ಸಡಿಲವಾಗಿ ದಾರಿ ನೇರವಾಗುತ್ತದೆ. ಕಮೋಡ್ ಇರುವ ಮನೆಯವರಿಗೆ ಕಾಲಡಿ ಸಣ್ಣ ಸ್ಟೂಲ್ ಇಡಿ ಅನ್ನುತ್ತೇನೆ. ತಿಣುಕುವುದು ತಪ್ಪಿದರೆ ತಳದ ಮೇಲಿನ ಭಾರವೂ ಇಳಿಯುತ್ತದೆ.

ಇಷ್ಟಾದ ಮೇಲೆ, ‘ಅಕ್ಕ, ಈಗ ಗಾಳಿ ತಡೆಯುವ ಹಾಗೆ ಒಳಗೆ, ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬೇಡಿ’ ಅನ್ನುತ್ತೇನೆ.

‘ಅಯ್ಯೋ ಮೇಡಂ, ಇದನ್ನ ಬಸ್ಸಲ್ಲಿ ಕೂತೂ ಮಾಡ್ಬಹುದಲ್ವಾ?’ ಅಂದರು ಮೀನು ಮಾರುವ ಒಬ್ಬ ಅಕ್ಕ. ಧಾರಾಳವಾಗಿ ಮಾಡಬಹುದು! ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕಡಿಮೆ ಅಂದರೂ ಮೂರು ತಿಂಗಳು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲೇ ಬರೆದ ವ್ಯಾಯಾಮ ಇದು. ಎಳೆದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡುವುದೂ ಮುಖ್ಯ. ಬುಟ್ಟಿ ಎತ್ತುವ ಮುಂಚೆ, ಕೆಮ್ಮು ಬರುತ್ತದೆ ಅನ್ನಿಸಿದಾಗ, ಒಮ್ಮೆ ಬಿಗಿ ಹಿಡಿಯಬೇಕು. ಮೂತ್ರ ಹೋಗುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಬೇಡ. ಮೂತ್ರಕೋಶ ಸರಿಯಾಗಿ ಖಾಲಿಯಾಗದೆ ಉಳಿಯಬಹುದು.

ಕೆಳಗೆ ಗಂಟು ಇಳಿದ ಹಾಗೆ ಆಗುತ್ತದೆ ಅಂದವರನ್ನು ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಕಳಿಸುತ್ತೇನೆ. ಗರ್ಭಕೋಶ ಜಾರಿದೆ ಅಂದ ಕೂಡಲೇ ತೆಗೆಸಲೇಬೇಕು ಅಂತಿಲ್ಲ. ಎಷ್ಟೋ ಜನರಿಗೆ ಪೆಸರಿ ಅನ್ನುವ ರಿಂಗ್ ಹಾಕಿ ಎತ್ತಿ ಹಿಡಿಯಬಹುದು. ಮೂತ್ರದಲ್ಲಿ ರಕ್ತ ಕಂಡರಂತೂ ವ್ಯಾಯಾಮ ಅಂತ ಕಾಯದೆ ಡಾಕ್ಟರಿಗೆ ತೋರಿಸಿ.